ಎಂಟು ಪೊಲೀಸ್ ಅಧಿಕಾರಿಗಳು, ಹನ್ನೆರಡು ರಾಜೀನಾಮೆಗಳು

1948ರ ಫೆಬ್ರುವರಿ 13ರಂದು ಪ್ರಾಗ್ ನಗರದಲ್ಲಿ ಜೆಕೊಸ್ಲೊವಾಕಿಯಾದ ಸಚಿವ ಸಂಪುಟ ಸೇರಿದಾಗ ಜಗಳಕ್ಕೆ ಕಾರಣವಾದ ವಿಷಯ ಮೇಲ್ನೋಟಕ್ಕೆ ತೀರ ಸಣ್ಣದು. ಪ್ರಾಗಿನ ಪೊಲೀಸ್ ವಿಭಾಗಗಳ ಹೊಣೆ ಹೊತ್ತಿದ್ದ ಎಂಟು ಮಂದಿ ಅಧಿಕಾರಿಗಳನ್ನು ಗೃಹ ಸಚಿವ ವಾಟ್ಸ್ಲಾವ್ ನೋಸೆಕ್ ಎತ್ತಂಗಡಿ ಮಾಡಿದ್ದರು. ನೋಸೆಕ್ ಕಮ್ಯುನಿಸ್ಟ್. ಜಾಗ ಕಳೆದುಕೊಂಡ ಎಂಟು ಮಂದಿ ಕಮ್ಯುನಿಸ್ಟರಲ್ಲ. ಅವರ ಕುರ್ಚಿಗೆ ಯಾರು ಬರುತ್ತಾರೆ ಎಂಬುದು ಯಾರೂ ಬಾಯಿಬಿಟ್ಟು ಹೇಳಬೇಕಾದ ಗುಟ್ಟಾಗಿರಲಿಲ್ಲ. ಆದೇಶವನ್ನು ಹಿಂದಕ್ಕೆ ಪಡೆಯಬೇಕೆಂದು ಸಂಪುಟ ಬಹುಮತದಿಂದ ತೀರ್ಮಾನಿಸಿತು. ಗೃಹ ಸಚಿವರು ಪಾಲಿಸಲಿಲ್ಲ. ಅಲ್ಲಿಂದ ಹನ್ನೆರಡು ದಿನ ಕಳೆಯುವಷ್ಟರಲ್ಲಿ ಆ ದೇಶದ ಪ್ರಜಾಪ್ರಭುತ್ವ ಮುಗಿದುಹೋಯಿತು. ಅದು ಮತ್ತೆ ಕಣ್ಣು ಬಿಟ್ಟದ್ದು ನಲವತ್ತೊಂದು ವರ್ಷಗಳ ಮೇಲೆ, 1989ರ ಚಳಿಗಾಲದಲ್ಲಿ.

ಎರಡನೇ ಮಹಾಯುದ್ಧದ ನಂತರ ಪೂರ್ವ ಯುರೋಪಿನ ದೇಶಗಳು ಒಂದರ ಹಿಂದೊಂದು ಕಮ್ಯುನಿಸ್ಟ್ ಆಳ್ವಿಕೆಗೆ ಸಿಕ್ಕ ಕಥೆಯನ್ನು ನಾವು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ: ಕೆಂಪು ಸೇನೆ ಬಂತು, ಅದರ ಬೆನ್ನಿಗೇ ಕೆಂಪು ಬಾವುಟವೂ ಬಂತು. ಬಹುಪಾಲು ಕಡೆ ಅದು ನಿಜವೇ. ಪೋಲೆಂಡಿನಲ್ಲಿ ಯುದ್ಧ ಮುಗಿಯುವ ಮೊದಲೇ, 1944ರ ಜುಲೈನಲ್ಲಿ, ಮಾಸ್ಕೋ ಬೆಂಬಲದ ಲುಬ್ಲಿನ್ ಸಮಿತಿ ಅಧಿಕಾರಕ್ಕೆ ಕೂತಿತು. 1947ರ ಜನವರಿಯ ಚುನಾವಣೆ ಹೆಸರಿಗಷ್ಟೇ ಚುನಾವಣೆ. ಬಲ್ಗೇರಿಯಾದಲ್ಲಿ ರೈತ ಪಕ್ಷದ ನಾಯಕ ನಿಕೊಲಾ ಪೆಟ್ಕೊವ್ ಅವರನ್ನು 1947ರ ಸೆಪ್ಟೆಂಬರಿನಲ್ಲಿ ನೇಣಿಗೇರಿಸಲಾಯಿತು. ರೊಮೇನಿಯಾದ ತರುಣ ದೊರೆ ಮಿಹಾಯ್ ಅದೇ ವರ್ಷದ ಡಿಸೆಂಬರ್ 30ರಂದು ಪಟ್ಟ ಬಿಟ್ಟುಕೊಟ್ಟರು. ಹಂಗೆರಿಯಲ್ಲಿ 1945ರ ಚುನಾವಣೆಯಲ್ಲಿ ಸಣ್ಣ ಹಿಡುವಳಿದಾರರ ಪಕ್ಷಕ್ಕೆ ಶೇ 57, ಕಮ್ಯುನಿಸ್ಟರಿಗೆ ಶೇ 17 ಮತ ಬಿದ್ದಿತ್ತು. ಆದರೂ ಕಮ್ಯುನಿಸ್ಟ್ ನಾಯಕ ರಾಕೊಶಿ ಎದುರಾಳಿಗಳನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ತೆಗೆಯುತ್ತ ಬಂದರು. ಪ್ರಧಾನಿ ಫೆರೆಂಕ್ ನಾಜ್ ರಜೆಗೆಂದು ಸ್ವಿಟ್ಜರ್ಲೆಂಡಿಗೆ ಹೋಗಿದ್ದಾಗ ಅವರ ಕುರ್ಚಿಯೇ ಹೋಯಿತು. ಯುಗೊಸ್ಲಾವಿಯಾ, ಅಲ್ಬೇನಿಯಾಗಳದು ಬೇರೆ ದಾರಿ. ಅಲ್ಲಿ ಜರ್ಮನ್ನರ ವಿರುದ್ಧ ಕಾಡುಮೇಡುಗಳಲ್ಲಿ ಕಾದಾಡಿದ ಕಮ್ಯುನಿಸ್ಟ್ ಪಡೆಗಳೇ ಸರ್ಕಾರವಾದವು.

ಜೆಕೊಸ್ಲೊವಾಕಿಯಾ ಇವುಗಳಲ್ಲಿ ಯಾವುದರ ಹಾಗೂ ಇರಲಿಲ್ಲ. ಅಲ್ಲಿ ನಿಜವಾದ ಚುನಾವಣೆ ನಡೆದಿತ್ತು. ಪತ್ರಿಕೆಗಳು ಜಗಳವಾಡುತ್ತಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, 1945ರ ಡಿಸೆಂಬರ್ ಹೊತ್ತಿಗೇ ಅಮೆರಿಕನ್ ಸೈನಿಕರೂ ಸೋವಿಯತ್ ಸೈನಿಕರೂ ದೇಶ ಬಿಟ್ಟು ಹೋಗಿದ್ದರು. ಪರಸೇನೆಯ ಒಂದು ಟ್ಯಾಂಕೂ ಇಲ್ಲದ ನಾಡಿನಲ್ಲಿ ಇಷ್ಟು ದೊಡ್ಡ ಪಲ್ಲಟ ಹೇಗಾಯಿತು? ಪ್ರಾಗಿನ ಫೆಬ್ರುವರಿಯ ಬಗ್ಗೆ ಓದಿದಷ್ಟೂ ನನ್ನ ಗಮನ ಕ್ರೆಮ್ಲಿನ್‌ನಿಂದ ಸರಿದು ಆ ಎಂಟು ಪೊಲೀಸ್ ಅಧಿಕಾರಿಗಳ ಕಡೆಗೇ ಹೋಗುತ್ತದೆ. ಸಂವಿಧಾನದ ಪುಸ್ತಕದಲ್ಲಿ ಇದ್ದ ಅಧಿಕಾರ ಒಂದು ಕಡೆ. ಠಾಣೆ, ರೇಡಿಯೊ, ಭೂಮಿಯ ಹಕ್ಕುಪತ್ರ, ಕಾರ್ಖಾನೆಯ ಗೇಟು ಇವುಗಳಲ್ಲಿ ಇದ್ದ ಅಧಿಕಾರ ಇನ್ನೊಂದು ಕಡೆ. ಎರಡನೆಯದನ್ನು ಕಮ್ಯುನಿಸ್ಟರು ಮೂರು ವರ್ಷದಿಂದ ತಾಳ್ಮೆಯಿಂದ ಕೂಡಿಸಿಕೊಳ್ಳುತ್ತ ಬಂದಿದ್ದರು.

ಇದರ ಬೇರು 1938ರಲ್ಲಿದೆ. ಆ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ನಗರದಲ್ಲಿ ಬ್ರಿಟನ್, ಫ್ರಾನ್ಸ್, ಇಟಲಿ ಮತ್ತು ಜರ್ಮನಿಯ ನಾಯಕರು ಕೂತು ಜೆಕೊಸ್ಲೊವಾಕಿಯಾದ ಗಡಿನಾಡನ್ನು ಹಿಟ್ಲರನಿಗೆ ಬಿಟ್ಟುಕೊಟ್ಟರು. ಯಾರ ನೆಲವೋ ಅವರನ್ನು ಮಾತುಕತೆಗೆ ಕರೆಯಲೇ ಇಲ್ಲ. ಆರು ತಿಂಗಳಲ್ಲಿ, 1939ರ ಮಾರ್ಚ್ 15ರಂದು, ಜರ್ಮನ್ ಸೇನೆ ಪ್ರಾಗಿಗೇ ಬಂತು. ಅಧ್ಯಕ್ಷ ಎಡ್ವರ್ಡ್ ಬೆನೆಶ್ ಅಷ್ಟರಲ್ಲಿ ರಾಜೀನಾಮೆ ಕೊಟ್ಟು ಪರದೇಶ ಸೇರಿದ್ದರು. ಬಡ ರೈತನ ಮಗನಾಗಿ ಹುಟ್ಟಿ, ದೇಶ ಕಟ್ಟಿದ ಟೋಮಾಶ್ ಮಸಾರಿಕ್ ಅವರ ಶಿಷ್ಯನಾಗಿ ಬೆಳೆದ, ಕಾಯಿದೆ ಕಾನೂನು ಒಪ್ಪಂದಗಳನ್ನು ನೆಚ್ಚಿ ಬಾಳಿದ ಮನುಷ್ಯ ಬೆನೆಶ್. ಗೆಳೆಯರೆಂದುಕೊಂಡವರೇ ಕೈಬಿಟ್ಟ ಆ ಗಾಯ ಅವರಲ್ಲಿ ಮಾಯಲಿಲ್ಲ. ಪಶ್ಚಿಮವನ್ನು ನಂಬಿ ಇನ್ನೊಮ್ಮೆ ಕೆಡಬಾರದು ಎಂದು ನಿಶ್ಚಯಿಸಿ ಅವರು 1943ರ ಡಿಸೆಂಬರಿನಲ್ಲಿ ಮಾಸ್ಕೋಗೆ ಹೋಗಿ ಸೋವಿಯತ್ ಒಕ್ಕೂಟದೊಡನೆ ಸ್ನೇಹ ಒಪ್ಪಂದ ಮಾಡಿಕೊಂಡರು. ಪೂರ್ವಕ್ಕೂ ಪಶ್ಚಿಮಕ್ಕೂ ನಡುವೆ ತಮ್ಮ ದೇಶ ಸೇತುವೆಯಾಗಲಿ ಎಂಬುದು ಅವರ ಆಸೆ.

1944ರ ಅಕ್ಟೋಬರಿನಲ್ಲಿ ಚರ್ಚಿಲ್ ಮಾಸ್ಕೋದಲ್ಲಿ ಸ್ಟಾಲಿನ್ ಮುಂದೆ ಒಂದು ಚೀಟಿ ಸರಿಸಿದರು. ರೊಮೇನಿಯಾದಲ್ಲಿ ನಿಮಗೆ ಶೇ 90, ಗ್ರೀಸಿನಲ್ಲಿ ನಮಗೆ ಶೇ 90, ಯುಗೊಸ್ಲಾವಿಯಾ ಮತ್ತು ಹಂಗೆರಿ ಸಮಪಾಲು ಎಂದು ದೇಶಗಳನ್ನು ಶೇಕಡಾ ಲೆಕ್ಕದಲ್ಲಿ ಹಂಚಿದ್ದ ಚೀಟಿ ಅದು. ಜೆಕೊಸ್ಲೊವಾಕಿಯಾದ ಹೆಸರು ಆ ಚೀಟಿಯಲ್ಲಿ ಇರಲಿಲ್ಲ. ಆಗ ಅದನ್ನು ಸಮಾಧಾನದ ಸಂಗತಿಯೆಂದು ತಿಳಿಯಬಹುದಾಗಿತ್ತು.

1945ರ ಮೇ ತಿಂಗಳಲ್ಲಿ ಜನರಲ್ ಪ್ಯಾಟನ್ನರ ಅಮೆರಿಕನ್ ಪಡೆ ಪಶ್ಚಿಮದಿಂದ ಬಂದು ಪ್ಲ್ಜೆನ್ ನಗರವನ್ನು ಬಿಡಿಸಿತು, ಅಲ್ಲಿಗೇ ನಿಂತಿತು. ಅದಕ್ಕಿಂತ ಮುಂದೆ ಹೋಗುವುದಿಲ್ಲವೆಂದು ಸೋವಿಯತ್ತರೊಡನೆ ಮೊದಲೇ ಗೆರೆ ಎಳೆದುಕೊಂಡಾಗಿತ್ತು. ಇತ್ತ ಪ್ರಾಗಿನ ಜನ ಮೇ 5ರಂದು ಜರ್ಮನ್ನರ ವಿರುದ್ಧ ತಿರುಗಿ ಬಿದ್ದು, ಬೀದಿಗಳಿಗೆ ಅಡ್ಡಗಟ್ಟಿ, ನೆರವಿಗಾಗಿ ರೇಡಿಯೊದಲ್ಲಿ ಮೊರೆಯಿಡುತ್ತಿದ್ದರು. ಮೇ 9ರ ಬೆಳಗಿನ ಜಾವ ಊರೊಳಗೆ ಬಂದ ಟ್ಯಾಂಕುಗಳ ಮೇಲೆ ಇದ್ದದ್ದು ಕೆಂಪು ನಕ್ಷತ್ರ. ಜನ ಆ ಸೈನಿಕರಿಗೆ ನೀಲಕ ಹೂಗೊಂಚಲು ಕೊಟ್ಟು ಅಪ್ಪಿಕೊಂಡರು. ಆ ಕೃತಜ್ಞತೆ ಕೃತಕವಲ್ಲ. ಜೆಕೊಸ್ಲೊವಾಕಿಯಾದ ನೆಲದಲ್ಲಿ ಮಡಿದ ಸೋವಿಯತ್ ಸೈನಿಕರ ಸಂಖ್ಯೆ ಲಕ್ಷ ಮೀರುತ್ತದೆ. ಮ್ಯೂನಿಕ್‌ನಲ್ಲಿ ಮಾರಿದವರು ಒಂದು ಕಡೆ, ಪ್ರಾಣ ಕೊಟ್ಟು ಬಿಡಿಸಿದವರು ಇನ್ನೊಂದು ಕಡೆ: 1945ರ ಸಾಮಾನ್ಯ ಪ್ರಜೆಯ ಕಣ್ಣಿಗೆ ಲೆಕ್ಕ ಇಷ್ಟು ನೇರವಾಗಿತ್ತು. ಇದನ್ನು ಮರೆತರೆ ಮುಂದಿನ ಯಾವುದೂ ಅರ್ಥವಾಗುವುದಿಲ್ಲ.

ಸ್ಲೊವಾಕಿಯಾದ ಕೋಶಿತ್ಸೆ ಪಟ್ಟಣದಲ್ಲಿ ಏಪ್ರಿಲ್‌ನಲ್ಲೇ ಹೊಸ ಸರ್ಕಾರದ ಕಾರ್ಯಕ್ರಮ ಪ್ರಕಟವಾಗಿತ್ತು. ಎಲ್ಲ ಪಕ್ಷಗಳೂ ಸೇರಿದ ‘ರಾಷ್ಟ್ರೀಯ ರಂಗ’, ಹೊರಗೆ ವಿರೋಧ ಪಕ್ಷವೇ ಇಲ್ಲ. ಯುದ್ಧಕ್ಕೆ ಮುಂಚೆ ದೊಡ್ಡದಾಗಿದ್ದ ರೈತಾಪಿ ಪಕ್ಷವನ್ನು ಶತ್ರುಗಳೊಡನೆ ಕೈಜೋಡಿಸಿದ ಆರೋಪದ ಮೇಲೆ ನಿಷೇಧಿಸಲಾಯಿತು. ಕಮ್ಯುನಿಸ್ಟರು ಆಗ ಪ್ರಧಾನಿ ಪಟ್ಟವನ್ನೂ ಕೇಳಲಿಲ್ಲ. ಅವರು ಆರಿಸಿಕೊಂಡದ್ದು ಗೃಹ, ಕೃಷಿ, ವಾರ್ತೆ ಈ ಖಾತೆಗಳನ್ನು. ರಕ್ಷಣಾ ಸಚಿವ ಲುಡ್ವಿಕ್ ಸ್ವೊಬೊಡಾ ಯಾವ ಪಕ್ಷಕ್ಕೂ ಸೇರಿದವರಲ್ಲ, ಆದರೆ ಕಮ್ಯುನಿಸ್ಟರ ಕಡೆಗೆ ಒಲಿದವರು. ವಿದೇಶಾಂಗ ಖಾತೆ ರಾಷ್ಟ್ರಪಿತನ ಮಗ ಯಾನ್ ಮಸಾರಿಕ್ ಅವರದು. ಅವರ ಪಕ್ಕದಲ್ಲೇ ಕಿರಿಯ ಸಚಿವರಾಗಿ ಕಮ್ಯುನಿಸ್ಟ್ ವ್ಲಾಡಿಮಿರ್ ಕ್ಲೆಮೆಂಟಿಸ್ ಕೂತರು.

ಕೃಷಿ ಖಾತೆ ಏಕೆ ಬೇಕಿತ್ತು ಎಂಬುದು ಬೇಗನೆ ತಿಳಿಯಿತು. ಗಡಿನಾಡಿನಲ್ಲಿದ್ದ ಸುಮಾರು 30 ಲಕ್ಷ ಜರ್ಮನ್ ಭಾಷಿಕರನ್ನು ದೇಶದಿಂದ ಹೊರದೂಡಲಾಯಿತು. ಹೆಂಗಸರು, ಮಕ್ಕಳು, ನಾಜಿಗಳನ್ನು ವಿರೋಧಿಸಿದ್ದವರು ಎಂಬ ಭೇದವಿಲ್ಲದೆ ನಡೆದ ಆ ಉಚ್ಚಾಟನೆಯಲ್ಲಿ ಸಾವಿರಾರು ಮಂದಿ ಸತ್ತರು. ಅದಕ್ಕೆ ಕಮ್ಯುನಿಸ್ಟರಷ್ಟೇ ಬೆನೆಶ್ ಮತ್ತು ಅವರ ಜೊತೆಗಾರರೂ ಹೊಣೆ. ಜರ್ಮನ್ನರು ಬಿಟ್ಟುಹೋದ ಹೊಲ, ಮನೆ, ದನಕರು, ಬಚ್ಚಲ ಹಂಡೆಯವರೆಗೆ ಎಲ್ಲವನ್ನೂ ಒಳನಾಡಿನಿಂದ ಬಂದ ಬಡವರಿಗೆ ಹಂಚುವ ಅಧಿಕಾರ ಕೃಷಿ ಖಾತೆಯ ಕೈಗೆ ಬಂತು. ಭೂಮಿಯ ಕಾಗದ ಯಾರ ಕೈಯಿಂದ ಬಂತೋ ವೋಟು ಅವರಿಗೇ ಹೋಗುತ್ತದೆ ಎಂಬುದನ್ನು ನಮ್ಮ ಕಡೆಯ ಯಾವ ಹಳ್ಳಿಯವರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಜರ್ಮನ್ನರು ಮತ್ತೆ ಬಂದಾರು ಎಂಬ ಭಯವೂ ಆ ಹೊಸ ಒಕ್ಕಲುಗಳನ್ನು ಸೋವಿಯತ್ ಆಸರೆಗೆ ಕಟ್ಟಿಹಾಕಿತು.

ಅದೇ ವರ್ಷ ಅಕ್ಟೋಬರಿನಲ್ಲಿ, ಮತ್ತೆ ಅಧ್ಯಕ್ಷರಾಗಿದ್ದ ಬೆನೆಶ್ ಸಹಿ ಹಾಕಿದ ಆಜ್ಞೆಗಳ ಮೂಲಕ ಬ್ಯಾಂಕು, ವಿಮೆ, ಗಣಿ, ದೊಡ್ಡ ಕಾರ್ಖಾನೆಗಳೆಲ್ಲ ಸರ್ಕಾರದ ಪಾಲಾದವು. ನಮ್ಮ ಪೇಟೆಪೇಟೆಯಲ್ಲೂ ಅಂಗಡಿಯಿರುವ ಬಾಟಾ ಕಂಪನಿಯ ತವರು ಅಲ್ಲಿನ ಜ್ಲಿನ್ ಎಂಬ ಊರು. ಅಲ್ಲಿನ ಕಾರ್ಖಾನೆ ರಾಷ್ಟ್ರೀಕರಣವಾಯಿತು. 1949ರಲ್ಲಿ ಊರಿನ ಹೆಸರನ್ನೇ ಕಮ್ಯುನಿಸ್ಟ್ ನಾಯಕನ ಹೆಸರಿಗೆ ಬದಲಿಸಿ ಗಾಟ್ವಾಲ್ಡೊವ್ ಎಂದು ಕರೆದರು. 1960ರ ದಶಕದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದು ನಮ್ಮ ರಸ್ತೆಗಳಲ್ಲಿ ಸದ್ದು ಮಾಡಿದ ಜಾವಾ ಮೋಟರ್‌ಸೈಕಲ್ಲಿನ ಮೂಲ ಕಂಪನಿಯೂ ಯುದ್ಧದ ನಂತರ ಸರ್ಕಾರದ ವಶಕ್ಕೆ ಹೋದದ್ದೇ. ಮೈಸೂರಿಗೆ ಬಂದ ತಂತ್ರಜ್ಞಾನ ಪ್ರಾಗಿನ ಕಮ್ಯುನಿಸ್ಟ್ ಸರ್ಕಾರದ ಉದ್ದಿಮೆಯದು. ಆದರೆ ಇಲ್ಲೊಂದು ಮಾತು ಹೇಳಲೇಬೇಕು. 1945ರ ರಾಷ್ಟ್ರೀಕರಣವನ್ನು ಕಮ್ಯುನಿಸ್ಟರು ಯಾರ ಮೇಲೂ ಹೇರಲಿಲ್ಲ, ಬಹುಪಾಲು ಜನ ಅದನ್ನು ಬಯಸಿದ್ದರು. ಮೂವತ್ತರ ದಶಕದ ನಿರುದ್ಯೋಗ ಕಂಡವರಿಗೆ ಹಳೆಯ ಬಂಡವಾಳಶಾಹಿಯ ಮೇಲೆ ಮೋಹ ಉಳಿದಿರಲಿಲ್ಲ.

ಹೀಗಾಗಿ 1946ರ ಮೇ 26ರ ಚುನಾವಣೆಯ ಫಲಿತಾಂಶ ಅಚ್ಚರಿಯದಲ್ಲ. ಕಮ್ಯುನಿಸ್ಟರಿಗೆ ಒಟ್ಟು ಶೇ 38 ಮತ, 300ರಲ್ಲಿ 114 ಸ್ಥಾನ. ಜೆಕ್ ಸೀಮೆಯಲ್ಲಿ ಶೇ 40. ಸ್ಲೊವಾಕಿಯಾದಲ್ಲಿ ಮಾತ್ರ ಡೆಮಾಕ್ರಟಿಕ್ ಪಕ್ಷ ಶೇ 62 ಪಡೆದು ಅವರನ್ನು ಹಿಂದೆ ಹಾಕಿತು. ಯಾವ ಬಲವಂತವೂ ಇಲ್ಲದೆ ಕಮ್ಯುನಿಸ್ಟ್ ಪಕ್ಷವೊಂದು ಇಷ್ಟು ಮತ ಪಡೆದದ್ದು ಯುರೋಪಿನಲ್ಲೇ ಅಪರೂಪ. ಪಕ್ಷದ ನಾಯಕ ಕ್ಲೆಮೆಂಟ್ ಗಾಟ್ವಾಲ್ಡ್ ಪ್ರಧಾನಿಯಾದರು. ವಿಯೆನ್ನಾದಲ್ಲಿ ಬಡಗಿ ಕೆಲಸ ಕಲಿತು ಬೆಳೆದ ಈತ 1929ರಲ್ಲಿ ಸಂಸತ್ತಿನಲ್ಲೇ, ನಾವು ಮಾಸ್ಕೋಗೆ ಹೋಗುವುದು ನಿಮ್ಮ ಕತ್ತು ಹಿಸುಕುವ ವಿದ್ಯೆ ಕಲಿಯಲಿಕ್ಕೆ ಎಂದು ಎದುರು ಪಕ್ಷದವರಿಗೆ ಹೇಳಿದ್ದರು. ಈಗ ಅವರ ಮಾತು ಮೆತ್ತಗಾಗಿತ್ತು. ರಷ್ಯದ ದಾರಿ ರಷ್ಯಕ್ಕೆ, ಸಮಾಜವಾದಕ್ಕೆ ನಮ್ಮದೇ ದಾರಿ ಇದೆ ಎನ್ನುತ್ತಿದ್ದರು. ಅದನ್ನು ಅವರು ನಂಬಿಯೇ ಹೇಳಿದರೋ, ಕಾಲ ನೋಡಿ ಹೇಳಿದರೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ.

1947ರ ಬೇಸಿಗೆ ಆ ಮೆತ್ತಗಿನ ಮಾತಿಗೆ ಕೊನೆ ಹಾಡಿತು. ಯುರೋಪನ್ನು ಮತ್ತೆ ಕಟ್ಟಲು ಅಮೆರಿಕ ಮಾರ್ಷಲ್ ಯೋಜನೆ ಪ್ರಕಟಿಸಿತ್ತು. ಅದರ ಬಗ್ಗೆ ಪ್ಯಾರಿಸ್‌ನಲ್ಲಿ ನಡೆಯುವ ಸಭೆಗೆ ಹೋಗಲು ಪ್ರಾಗಿನ ಸಂಪುಟ ಜುಲೈ 4ರಂದು ಅವಿರೋಧವಾಗಿ ಒಪ್ಪಿತು. ಕಮ್ಯುನಿಸ್ಟ್ ಸಚಿವರೂ ಕೈಯೆತ್ತಿದ್ದರು. ಐದು ದಿನದ ಮೇಲೆ ಗಾಟ್ವಾಲ್ಡ್, ಮಸಾರಿಕ್ ಮತ್ತು ಕಾನೂನು ಸಚಿವ ಪ್ರೊಕೊಪ್ ಡ್ರಟಿನಾ ಮಾಸ್ಕೋದಲ್ಲಿದ್ದರು. ರಾತ್ರಿಯ ಭೇಟಿಯಲ್ಲಿ ಸ್ಟಾಲಿನ್ ಸುತ್ತಿಬಳಸದೆ ಹೇಳಿದ: ನೀವು ಪ್ಯಾರಿಸ್ಸಿಗೆ ಹೋದರೆ ಅದು ಸೋವಿಯತ್ ಒಕ್ಕೂಟದ ವಿರುದ್ಧದ ನಡೆ ಎಂದೇ ತಿಳಿಯುತ್ತೇವೆ. ಮರುದಿನವೇ ಪ್ರಾಗಿನ ಸಂಪುಟ ತನ್ನ ತೀರ್ಮಾನವನ್ನು ತಾನೇ ನುಂಗಿಕೊಂಡಿತು. ಸ್ವತಂತ್ರ ದೇಶದ ಮಂತ್ರಿಯಾಗಿ ಹೋಗಿ ಸ್ಟಾಲಿನನ ಆಳಾಗಿ ಹಿಂದಿರುಗಿದೆ ಎಂದು ಮಸಾರಿಕ್ ಆಪ್ತರ ಮುಂದೆ ಸಂಕಟಪಟ್ಟರು. ಅದೇ ವಾರ ಬೆನೆಶ್ ಅವರಿಗೆ ಪಾರ್ಶ್ವವಾಯು ಬಡಿಯಿತು.

ಮಳೆಯೂ ಆ ವರ್ಷ ಕೈಕೊಟ್ಟಿತು. ಬರಗಾಲದಿಂದ ಬೆಳೆ ಒಣಗಿ ರೊಟ್ಟಿಗೆ ತತ್ವಾರವಾದಾಗ ಸ್ಟಾಲಿನ್ 6 ಲಕ್ಷ ಟನ್ ಧಾನ್ಯ ಕಳಿಸಲು ಒಪ್ಪಿದ. ಪಶ್ಚಿಮದಿಂದ ಅಂಥ ನೆರವು ಬರಲಿಲ್ಲ. ಧಾನ್ಯ ತುಂಬಿದ ಗೂಡ್ಸ್ ಗಾಡಿಗಳು ಕೆಂಪು ಬಾವುಟ ಕಟ್ಟಿಕೊಂಡು ನಿಲ್ದಾಣಕ್ಕೆ ಬರುವುದು ಯಾವ ಭಾಷಣಕ್ಕಿಂತಲೂ ದೊಡ್ಡ ಪ್ರಚಾರವಾಗಿತ್ತು. ಸೆಪ್ಟೆಂಬರಿನಲ್ಲಿ ಪೋಲೆಂಡಿನ ಶ್ಕ್ಲಾರ್ಸ್ಕಾ ಪೊರೆಂಬಾ ಎಂಬ ಗಿರಿಧಾಮದಲ್ಲಿ ಯುರೋಪಿನ ಕಮ್ಯುನಿಸ್ಟ್ ಪಕ್ಷಗಳು ಸೇರಿ ಕಾಮಿನ್‌ಫಾರ್ಮ್ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿದವು. ಸಂಸತ್ತಿನ ಆಟಕ್ಕೆ ಮರುಳಾಗಿ ಸರ್ಕಾರದಿಂದ ಹೊರದಬ್ಬಿಸಿಕೊಂಡಿರಿ ಎಂದು ಫ್ರಾನ್ಸ್ ಮತ್ತು ಇಟಲಿಯ ಪಕ್ಷಗಳಿಗೆ ಅಲ್ಲಿ ಛೀಮಾರಿ ಬಿತ್ತು. ಸರ್ಕಾರದೊಳಗಿದ್ದೂ ಇನ್ನೂ ಪೂರ್ತಿ ಹಿಡಿತ ಸಾಧಿಸದ ಜೆಕೊಸ್ಲೊವಾಕಿಯಾದವರು ಆ ಬೈಗುಳದಲ್ಲಿ ತಮಗೂ ಪಾಲಿದೆ ಎಂದು ಅರಿತುಕೊಂಡರು.

ಅದೇ ತಿಂಗಳು ಕಮ್ಯುನಿಸ್ಟರಲ್ಲದ ಮೂವರು ಸಚಿವರಿಗೆ, ಮಸಾರಿಕ್, ಡ್ರಟಿನಾ ಮತ್ತು ಪೆಟ್ರ್ ಜೆಂಕ್ಲ್ ಅವರಿಗೆ, ಸುಗಂಧದ್ರವ್ಯ ಎಂದು ಬರೆದ ಮರದ ಪೆಟ್ಟಿಗೆಗಳು ಅಂಚೆಯಲ್ಲಿ ಬಂದವು. ಒಳಗೆ ಇದ್ದದ್ದು ಸ್ಫೋಟಕ. ಯಾರಿಗೂ ಅಪಾಯವಾಗಲಿಲ್ಲ. ಗೃಹ ಖಾತೆಯ ಪೊಲೀಸರಿಗೆ ಸುಳಿವೇ ಸಿಗಲಿಲ್ಲ. ಡ್ರಟಿನಾ ಅವರ ಕಾನೂನು ಖಾತೆ ತಾನೇ ತನಿಖೆಗಿಳಿದಾಗ ಜಾಡು ಒಲೊಮೊಟ್ಸ್ ಊರಿನ ಕಮ್ಯುನಿಸ್ಟ್ ಕಾರ್ಯಕರ್ತರತ್ತ ಹೋಯಿತು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂಬ ಅನುಮಾನ ಆಗಲೇ ಗಟ್ಟಿಯಾದದ್ದು. 1948ರ ಮೇ ತಿಂಗಳಿಗೆ ಚುನಾವಣೆ ನಿಗದಿಯಾಗಿತ್ತು. ಕಮ್ಯುನಿಸ್ಟರ ಮತ ಶೇ 30ಕ್ಕಿಂತ ಕೆಳಗಿಳಿಯಬಹುದೆಂಬ ಅಂದಾಜು ಹಬ್ಬಿತ್ತು. ಅಂದರೆ ಚುನಾವಣೆಯವರೆಗೆ ಕಾಯುವುದು ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಇಂಥ ಹೊತ್ತಿನಲ್ಲಿ ಎಂಟು ಪೊಲೀಸ್ ಅಧಿಕಾರಿಗಳ ಎತ್ತಂಗಡಿ ನಡೆಯಿತು.

ಫೆಬ್ರುವರಿ 20, ಶುಕ್ರವಾರ. ನೋಸೆಕ್ ಆದೇಶ ಹಿಂದಕ್ಕೆ ಪಡೆಯದ್ದರಿಂದ ಮೂರು ಪಕ್ಷಗಳ ಹನ್ನೆರಡು ಸಚಿವರು ರಾಜೀನಾಮೆ ಕೊಟ್ಟರು. ಜೆಕ್ ನ್ಯಾಷನಲ್ ಸೋಷಲಿಸ್ಟರು (ಹೆಸರು ಹಾಗಿದ್ದರೂ ಹಿಟ್ಲರನ ಪಕ್ಷಕ್ಕೂ ಇವರಿಗೂ ಸಂಬಂಧವಿಲ್ಲ; ಇದು ಬೆನೆಶ್ ಅವರ ಹಳೆಯ ಪಕ್ಷ), ಪಾದ್ರಿ ಯಾನ್ ಶ್ರಾಮೆಕ್ ನಾಯಕತ್ವದ ಪೀಪಲ್ಸ್ ಪಾರ್ಟಿಯವರು, ಸ್ಲೊವಾಕಿಯಾದ ಡೆಮಾಕ್ರಟರು. ಅವರ ಲೆಕ್ಕಾಚಾರ ಹೀಗಿತ್ತು: ಅಧ್ಯಕ್ಷರು ರಾಜೀನಾಮೆ ಒಪ್ಪುವುದಿಲ್ಲ, ಸರ್ಕಾರ ಉರುಳುತ್ತದೆ ಅಥವಾ ಚುನಾವಣೆ ಬೇಗ ಬರುತ್ತದೆ, ಜನ ನಮ್ಮ ಕಡೆ ಇದ್ದಾರೆ. ಪಾರ್ಲಿಮೆಂಟಿನ ರೂಢಿಯಂತೆ ನೋಡಿದರೆ ತಪ್ಪು ಲೆಕ್ಕವಲ್ಲ. ಆದರೆ ಸಂಪುಟದಲ್ಲಿದ್ದದ್ದು 26 ಮಂದಿ. ಹನ್ನೆರಡು ಹೋದರೂ ಹದಿನಾಲ್ಕು ಉಳಿದರು. ಸೋಷಿಯಲ್ ಡೆಮಾಕ್ರಟರನ್ನು ಇವರು ಮೊದಲೇ ಮಾತಾಡಿಸಿ ಜೊತೆಗೆ ಸೇರಿಸಿಕೊಂಡಿರಲಿಲ್ಲ. ಯಾನ್ ಮಸಾರಿಕ್ ಅವರೂ ರಾಜೀನಾಮೆ ಕೊಡಲಿಲ್ಲ. ಸರ್ಕಾರ ಬೀಳಲಿಲ್ಲ, ಅದರೊಳಗಿನ ವಿರೋಧಿಗಳು ತಾವಾಗಿಯೇ ಬಾಗಿಲು ತೆರೆದು ಹೊರಗೆ ಬಂದಂತಾಯಿತು. ಇಬ್ಬರು ಹೆಚ್ಚಿಗೆ ಬಂದಿದ್ದರೆ ಸಂಪುಟದ ಬಹುಮತವೇ ರಾಜೀನಾಮೆ ಕೊಟ್ಟಂತಾಗುತ್ತಿತ್ತು. ಎರಡು ಕಾಗದಗಳ ಆ ಕೊರತೆಯನ್ನು ಎಷ್ಟು ಸಲ ಓದಿದರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ರಾಜೀನಾಮೆಯ ಹಿಂದಿನ ದಿನವೇ ಸೋವಿಯತ್ ಉಪ ವಿದೇಶಾಂಗ ಸಚಿವ ವಲೇರಿಯನ್ ಜೋರಿನ್ ಪ್ರಾಗಿಗೆ ಬಂದಿಳಿದಿದ್ದರು. ಧಾನ್ಯದ ಪೂರೈಕೆ ನೋಡಲು ಬಂದೆ ಎಂದರು. ಆ ಮಾತನ್ನು ನಂಬಿದವರು ಕಡಿಮೆ.

ರಾಜೀನಾಮೆ ಕೊಟ್ಟ ಕೆಲವರು ವಾರಾಂತ್ಯಕ್ಕೆಂದು ತಮ್ಮ ಊರುಗಳ ಸಭೆಗಳಿಗೆ ಹೊರಟಾಗ ಕಮ್ಯುನಿಸ್ಟರು ನಿದ್ದೆ ಮಾಡಲಿಲ್ಲ. ಶನಿವಾರ ಬೆಳಿಗ್ಗೆ ಹಿಮ ಬೀಳುವ ಚಳಿಯಲ್ಲಿ ಪ್ರಾಗಿನ ಹಳೇ ಪೇಟೆ ಚೌಕದಲ್ಲಿ ಸಾವಿರಾರು ಕಾರ್ಮಿಕರು ಸೇರಿದರು. ಕಿನ್ಸ್ಕಿ ಅರಮನೆಯ ಬಾಲ್ಕನಿಯಿಂದ ಗಾಟ್ವಾಲ್ಡ್ ಮಾತಾಡಿದರು: ರಾಜೀನಾಮೆ ಒಪ್ಪಿಕೊಳ್ಳಿ, ಎಲ್ಲ ಕಡೆ ಕ್ರಿಯಾ ಸಮಿತಿಗಳನ್ನು ಕಟ್ಟಿ. ಅವರ ಪಕ್ಕದಲ್ಲಿ ಕ್ಲೆಮೆಂಟಿಸ್ ನಿಂತಿದ್ದರು. ಕ್ಲೆಮೆಂಟಿಸ್ ತಮ್ಮ ತುಪ್ಪಳದ ಟೊಪ್ಪಿಗೆಯನ್ನು ತೆಗೆದು ಗಾಟ್ವಾಲ್ಡರ ತಲೆಗಿಟ್ಟ ಪ್ರಸಂಗದಿಂದ ಮಿಲನ್ ಕುಂದೇರಾ ತಮ್ಮ ಒಂದು ಕಾದಂಬರಿಯನ್ನೇ ಆರಂಭಿಸಿದ್ದಾರೆ. ಟೊಪ್ಪಿಗೆಯ ಮಾತು ಕಾದಂಬರಿಯದು. ಫೋಟೊದ ಮಾತು ಮಾತ್ರ ನಿಜ: ಕೆಲವು ವರ್ಷಗಳ ಮೇಲೆ ಕ್ಲೆಮೆಂಟಿಸ್ ಅವರನ್ನು ನೇಣಿಗೇರಿಸಿದಾಗ ಆ ಬಾಲ್ಕನಿಯ ಚಿತ್ರದಿಂದಲೂ ಅವರನ್ನು ಅಳಿಸಿಹಾಕಿದರು.

ಮುಂದಿನ ನಾಲ್ಕು ದಿನ ಊರಿನ ಸದ್ದೇ ಬದಲಾಯಿತು. ಕ್ರಿಯಾ ಸಮಿತಿಗಳು ಕಚೇರಿ, ಕಾರ್ಖಾನೆ, ಪತ್ರಿಕಾಲಯ, ವಿಶ್ವವಿದ್ಯಾಲಯಗಳಲ್ಲಿ ತಲೆಯೆತ್ತಿ, ಯಾರು ಒಳಗೆ ಬರಬಹುದು ಯಾರು ಬರಬಾರದು ಎಂದು ಬಾಗಿಲಲ್ಲೇ ತೀರ್ಮಾನಿಸತೊಡಗಿದವು. ರಾಜೀನಾಮೆ ಕೊಟ್ಟ ಸಚಿವರಲ್ಲಿ ಕೆಲವರಿಗೆ ತಮ್ಮ ಸಚಿವಾಲಯದೊಳಗೇ ಕಾಲಿಡಲಾಗಲಿಲ್ಲ. ಕಾಗದದ ಗಿರಣಿಯವರು ವಿರೋಧಿ ಪತ್ರಿಕೆಗಳಿಗೆ ಕಾಗದ ಕಳಿಸಲಿಲ್ಲ, ಅಚ್ಚುಮನೆಯವರು ಮೊಳೆ ಜೋಡಿಸಲಿಲ್ಲ. ರೇಡಿಯೊ ಮೊದಲಿನಿಂದಲೂ ವಾರ್ತಾ ಖಾತೆಯ ಕೈಯಲ್ಲಿತ್ತು. ಹನ್ನೆರಡು ಮಂದಿಯ ದನಿ ಅದರಲ್ಲಿ ಕೇಳಲೇ ಇಲ್ಲ. ಕಾರ್ಖಾನೆಗಳ ಕಾರ್ಮಿಕ ಪಡೆಗಳ ಹೆಗಲಿಗೆ ಬ್ರನೊ ನಗರದ ಶಸ್ತ್ರ ಕಾರ್ಖಾನೆಯ ಬಂದೂಕುಗಳು ಬಂದವು. ಭಾನುವಾರ ಕಾರ್ಮಿಕ ಮಂಡಳಿಗಳ 8,000 ಪ್ರತಿನಿಧಿಗಳ ಸಮಾವೇಶ. ಮಂಗಳವಾರ, 24ರಂದು, ದೇಶದಾದ್ಯಂತ 25 ಲಕ್ಷ ಕಾರ್ಮಿಕರು ಒಂದು ಗಂಟೆ ಕೆಲಸ ನಿಲ್ಲಿಸಿದರು. ಅವರಲ್ಲಿ ಎಷ್ಟೋ ಮಂದಿ ಮನಸಾರೆ ನಿಲ್ಲಿಸಿದರು, ಎಷ್ಟೋ ಮಂದಿ ಪಕ್ಕದವನ ಕಣ್ಣಿಗೆ ಹೆದರಿ ನಿಲ್ಲಿಸಿದರು. ಅದೇ ದಿನ ಸೋಷಿಯಲ್ ಡೆಮಾಕ್ರಟರ ಪಕ್ಷದ ಕಚೇರಿಯನ್ನು ಅದೇ ಪಕ್ಷದ ಎಡಬಣ ವಶಪಡಿಸಿಕೊಂಡಿತು. ಸೇನೆ ಜನರ ಜೊತೆಗಿದೆ ಎಂದು ರಕ್ಷಣಾ ಸಚಿವ ಸ್ವೊಬೊಡಾ ಸಾರಿದರು.

ಎದುರು ನಿಂತವರು ಯಾರು? ಗಡ್ಡ ಮೀಸೆ ಸರಿಯಾಗಿ ಮೂಡದ ಹುಡುಗರು. 23ರಂದು, ಮತ್ತೆ 25ರಂದು, ಪ್ರಾಗಿನ ವಿದ್ಯಾರ್ಥಿಗಳು ಅಧ್ಯಕ್ಷರಿಗೆ ಬೆಂಬಲ ಹೇಳಲು ಕೋಟೆಯತ್ತ ಮೆರವಣಿಗೆ ಹೊರಟರು. ಎರಡನೆಯ ಸಲ ಕೋಟೆಗೆ ಏರುವ ಇಕ್ಕಟ್ಟಾದ ನೆರುಡೊವಾ ಬೀದಿಯಲ್ಲಿ ಪೊಲೀಸರು ಅಡ್ಡಗಟ್ಟಿದರು, ಹೊಡೆದರು, ಗುಂಡಿನ ಸದ್ದೂ ಕೇಳಿತು. ಹನ್ನೆರಡು ಸಚಿವರ ಮೂರು ಪಕ್ಷಗಳಿಗೆ ಲಕ್ಷಾಂತರ ಮತದಾರರಿದ್ದರು. ಅವರನ್ನು ಬೀದಿಗೆ ಕರೆಯಬೇಕೆಂದು ಆ ಪಕ್ಷಗಳ ನಾಯಕರಿಗೆ ಹೊಳೆಯಲೇ ಇಲ್ಲ. ರಾಜಕೀಯ ನಡೆಯುವುದು ಸಭಾಗೃಹದಲ್ಲಿ, ಕೊನೆಗೆ ಅಧ್ಯಕ್ಷರ ಕೋಣೆಯಲ್ಲಿ ಎಂಬ ನಂಬಿಕೆಯಲ್ಲೇ ಅವರು ಕೂತಿದ್ದರು.

ಅಧ್ಯಕ್ಷರ ಕೋಣೆಯಲ್ಲಿ ಇದ್ದದ್ದು ಪಾರ್ಶ್ವವಾಯುವಿನಿಂದ ಪೂರ್ತಿ ಚೇತರಿಸಿಕೊಳ್ಳದ 63 ವರ್ಷದ ಬೆನೆಶ್. ಮೊದಲ ದಿನಗಳಲ್ಲಿ ಅವರು ಗಟ್ಟಿಯಾಗಿಯೇ ನಿಂತಿದ್ದರು, ರಾಜೀನಾಮೆ ಒಪ್ಪುವುದಿಲ್ಲ ಎಂದಿದ್ದರು. ಅಂತರ್ಯುದ್ಧವಾದೀತು, ಸೋವಿಯತ್ ಸೇನೆ ಗಡಿ ದಾಟೀತು ಎಂಬ ಭಯ ಅವರನ್ನು ದಿನದಿನಕ್ಕೆ ಕುಗ್ಗಿಸಿತು. ಪಶ್ಚಿಮದಿಂದ ನೆರವಿನ ಮಾತು ಬರಲಿಲ್ಲ. ಹತ್ತು ವರ್ಷಗಳ ಹಿಂದೆ ಇದೇ ಕೋಟೆಯಲ್ಲಿ, ಹೋರಾಡಲೋ ಶರಣಾಗಲೋ ಎಂದು ಒಬ್ಬರೇ ತೀರ್ಮಾನಿಸಬೇಕಾಗಿದ್ದ ಅದೇ ಮನುಷ್ಯ ಇವರು. ಬುಧವಾರ, ಫೆಬ್ರುವರಿ 25ರ ಮಧ್ಯಾಹ್ನ ಗಾಟ್ವಾಲ್ಡ್ ತಂದ ಪಟ್ಟಿಗೆ ಅವರು ಸಹಿ ಹಾಕಿದರು. ಸಂಜೆಯ ಹೊತ್ತಿಗೆ ವೆನ್ಸೆಸ್ಲಾಸ್ ಚೌಕದಲ್ಲಿ ಕಿಕ್ಕಿರಿದ ಜನರ ಮುಂದೆ ಗಾಟ್ವಾಲ್ಡ್, ಈಗಷ್ಟೇ ಕೋಟೆಯಿಂದ ಬರುತ್ತಿದ್ದೇನೆ, ಅಧ್ಯಕ್ಷರು ಎಲ್ಲವನ್ನೂ ಒಪ್ಪಿದ್ದಾರೆ ಎಂದು ಸಾರಿದರು. ಸಂವಿಧಾನದ ಒಂದು ಅಕ್ಷರವೂ ಮುರಿದಿರಲಿಲ್ಲ.

ಮೂರು ದಿನದ ಮೇಲೆ ಡ್ರಟಿನಾ ಕಿಟಕಿಯಿಂದ ಧುಮುಕಿದರು. ಬದುಕುಳಿದು ವರ್ಷಗಟ್ಟಲೆ ಸೆರೆಮನೆಯಲ್ಲಿ ಕಳೆದರು. ಜೆಂಕ್ಲ್ ಮತ್ತು ರಾಜೀನಾಮೆ ಕೊಟ್ಟಿದ್ದ ಇನ್ನೊಬ್ಬ ಸಚಿವ ರಿಪ್ಕಾ ದೇಶ ಬಿಟ್ಟು ತಪ್ಪಿಸಿಕೊಂಡರು. ಹೊರಡುವಾಗ ಸಿಕ್ಕಿಬಿದ್ದ ವೃದ್ಧ ಶ್ರಾಮೆಕ್ ಬಂಧನದಲ್ಲೇ ಕೊನೆಯುಸಿರೆಳೆದರು. ಮಸಾರಿಕ್ ಹೊಸ ಸಂಪುಟದಲ್ಲೂ ಉಳಿದುಕೊಂಡಿದ್ದರು. ಮಾರ್ಚ್ 7, ಅವರ ತಂದೆಯ ಹುಟ್ಟುಹಬ್ಬ. ಅಂದು ಲಾನಿ ಊರಿನಲ್ಲಿರುವ ತಂದೆಯ ಸಮಾಧಿಗೆ ಹೋಗಿ ಬಂದರು. ಮಾರ್ಚ್ 10ರ ಬೆಳಿಗ್ಗೆ ವಿದೇಶಾಂಗ ಸಚಿವಾಲಯವಿದ್ದ ಚೆರ್ನಿನ್ ಅರಮನೆಯ ಅಂಗಳದಲ್ಲಿ, ಬಚ್ಚಲುಮನೆಯ ಕಿಟಕಿಯ ಕೆಳಗೆ, ಪೈಜಾಮದಲ್ಲಿದ್ದ ಅವರ ಶವ ಸಿಕ್ಕಿತು. ಸರ್ಕಾರ ಆತ್ಮಹತ್ಯೆ ಎಂದಿತು. 1968ರಲ್ಲಿ ಮತ್ತೆ ತನಿಖೆಯಾಯಿತು, ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ ಮತ್ತೆ ಆಯಿತು. 2000ದ ದಶಕದ ಆರಂಭದಲ್ಲಿ ಪೊಲೀಸರು ಕೊಲೆ ಎಂದರು, 2019ರಲ್ಲಿ ಮರಳಿ ತೆರೆದ ತನಿಖೆ 2021ರಲ್ಲಿ ಯಾವುದನ್ನೂ ಖಚಿತವಾಗಿ ಹೇಳಲಾಗದು ಎಂದು ಮುಚ್ಚಿತು. ಯಾರಾದರೂ ತಳ್ಳಿದರೋ, ಅವರೇ ಹಾರಿದರೋ, ಆ ಸಾವಿನ ಹೊಣೆ ಫೆಬ್ರುವರಿಯನ್ನು ಬಿಟ್ಟು ಬೇರೆಡೆ ಹೋಗುವುದಿಲ್ಲ.

ಸುದ್ದಿ ಜಗತ್ತನ್ನು ನಡುಗಿಸಿತು. ಅಮೆರಿಕದ ಕಾಂಗ್ರೆಸ್ಸಿನಲ್ಲಿ ತಡವರಿಸುತ್ತಿದ್ದ ಮಾರ್ಷಲ್ ಯೋಜನೆಯ ಮಸೂದೆ ಬೇಗನೆ ಪಾಸಾಯಿತು, ಅಧ್ಯಕ್ಷ ಟ್ರೂಮನ್ ಏಪ್ರಿಲ್ 3ರಂದು ಸಹಿ ಹಾಕಿದರು. ಬ್ರಿಟನ್, ಫ್ರಾನ್ಸ್ ಮತ್ತು ಪಕ್ಕದ ಮೂರು ಸಣ್ಣ ದೇಶಗಳು ಮಾರ್ಚ್ 17ರಂದು ಬ್ರಸೆಲ್ಸ್‌ನಲ್ಲಿ ರಕ್ಷಣಾ ಒಪ್ಪಂದ ಮಾಡಿಕೊಂಡವು. ಇಟಲಿಯ ಏಪ್ರಿಲ್ ಚುನಾವಣೆಯಲ್ಲಿ ಕಮ್ಯುನಿಸ್ಟರು ಸೋತರು. ಜೂನ್‌ನಲ್ಲಿ ಬರ್ಲಿನ್ ದಿಗ್ಬಂಧನ, ಮರುವರ್ಷ ಏಪ್ರಿಲ್‌ನಲ್ಲಿ ನೇಟೊ. ಕಮ್ಯುನಿಸ್ಟರೊಡನೆ ಸೇರಿ ಸರ್ಕಾರ ನಡೆಸಬಹುದು ಎಂಬ ಮಾತನ್ನು ಪಶ್ಚಿಮ ಯುರೋಪಿನಲ್ಲಿ ದಶಕಗಳ ಕಾಲ ಯಾರೂ ಸಲೀಸಾಗಿ ಆಡಲಾಗಲಿಲ್ಲ.

ಎಲ್ಲವೂ ಸ್ಟಾಲಿನನ ಸೂತ್ರದಂತೆ ನಡೆಯಿತೇ, ಎದುರಾಳಿಗಳೇ ಕೈಯಾರೆ ಕೊಟ್ಟ ಅವಕಾಶವನ್ನು ಗಾಟ್ವಾಲ್ಡ್ ಬಳಸಿಕೊಂಡರೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಪಕ್ಷದ ದಾಖಲೆಗಳನ್ನು ಒಳಗಿನಿಂದ ಕಂಡ ಕಾರೆಲ್ ಕಾಪ್ಲಾನ್ ಅವರಂಥ ಇತಿಹಾಸಕಾರರ ಕೆಲಸದ ಮೇಲೆ, ಎರಡೂ ಸೇರಿಯೇ ನಡೆಯಿತು ಎಂಬ ತಿಳಿವಳಿಕೆಗೆ ಬೆಂಬಲ ಹೆಚ್ಚಿದೆ. ನನಗೂ ಹಾಗೆಯೇ ಕಾಣುತ್ತದೆ. ಮಾಸ್ಕೋದ ನೆರಳಿಲ್ಲದಿದ್ದರೆ ಬೆನೆಶ್ ಅಷ್ಟು ಹೆದರುತ್ತಿರಲಿಲ್ಲ. ಆದರೆ ಶೇ 38ರಷ್ಟು ಮತದಾರರ ಬೆಂಬಲ, ಹತ್ತು ಲಕ್ಷ ದಾಟಿದ ಪಕ್ಷದ ಸದಸ್ಯರು, ಠಾಣೆ ಠಾಣೆಯಲ್ಲಿ ಕೂತ ಆಳುಗಳು ಇಲ್ಲದಿದ್ದರೆ ಆ ನೆರಳೊಂದರಿಂದಲೇ ಐದು ದಿನದಲ್ಲಿ ಈ ಕೆಲಸ ಆಗುತ್ತಿರಲಿಲ್ಲ.

ಮೇ 30ರ ಚುನಾವಣೆಯಲ್ಲಿ ಒಂದೇ ಪಟ್ಟಿ ಇತ್ತು; ಶೇ 89 ಮತ ಅದಕ್ಕೇ ಬಿತ್ತೆಂದು ಪ್ರಕಟವಾಯಿತು. ಜೂನ್ 7ರಂದು ಬೆನೆಶ್ ರಾಜೀನಾಮೆ ಕೊಟ್ಟರು, ಸೆಪ್ಟೆಂಬರ್ 3ರಂದು ತೀರಿಕೊಂಡರು. ಗಾಟ್ವಾಲ್ಡ್ ಅಧ್ಯಕ್ಷರಾದರು. 1952ರ ನವೆಂಬರಿನಲ್ಲಿ ಸರದಿ ಪಕ್ಷದೊಳಗಿನವರಿಗೇ ಬಂತು. ಪ್ರಧಾನ ಕಾರ್ಯದರ್ಶಿಯಾಗಿದ್ದ ರುಡಾಲ್ಫ್ ಸ್ಲಾನ್ಸ್ಕಿ ಮತ್ತು ಇತರ ಹದಿಮೂರು ಮಂದಿ ನ್ಯಾಯಾಲಯದಲ್ಲಿ ಬಾಯಿಪಾಠ ಮಾಡಿಸಿದ ತಪ್ಪೊಪ್ಪಿಗೆ ಒಪ್ಪಿಸಿದರು. ಹದಿನಾಲ್ವರಲ್ಲಿ ಹನ್ನೊಂದು ಮಂದಿ ಯಹೂದಿಗಳು. ಡಿಸೆಂಬರ್ 3ರಂದು ಹನ್ನೊಂದು ಮಂದಿಯನ್ನು ನೇಣಿಗೇರಿಸಿದರು, ಅವರಲ್ಲಿ ಬಾಲ್ಕನಿಯ ಕ್ಲೆಮೆಂಟಿಸ್ ಒಬ್ಬರು. ಸ್ಟಾಲಿನನ ಅಂತ್ಯಕ್ರಿಯೆಗೆ ಹೋಗಿ ಬಂದ ಗಾಟ್ವಾಲ್ಡ್ 1953ರ ಮಾರ್ಚ್ 14ರಂದು ಸತ್ತರು.

ಈ ಹೆಸರುಗಳ ನಡುವೆ ನನ್ನ ಮನಸ್ಸು ನಿಲ್ಲುವುದು ಮಿಲಾಡಾ ಹೊರಾಕೊವಾ ಅವರ ಹತ್ತಿರ. ವಕೀಲೆ, ಹೆಣ್ಣುಮಕ್ಕಳ ಹಕ್ಕಿಗಾಗಿ ದುಡಿದವರು, ನ್ಯಾಷನಲ್ ಸೋಷಲಿಸ್ಟ್ ಪಕ್ಷದ ಸಂಸತ್ ಸದಸ್ಯೆ. 1940ರಲ್ಲಿ ನಾಜಿಗಳು ಅವರನ್ನು ಹಿಡಿದಿದ್ದರು. ಯುದ್ಧ ಮುಗಿಯುವವರೆಗೂ ಸೆರೆಯಲ್ಲಿದ್ದು ಬದುಕಿ ಬಂದಿದ್ದರು. ಫೆಬ್ರುವರಿಯ ನಂತರ ಸಂಸತ್ ಸದಸ್ಯತ್ವ ಬಿಟ್ಟರು, ದೇಶ ಬಿಡಲಿಲ್ಲ. 1949ರಲ್ಲಿ ಬಂಧನವಾಯಿತು. ವಿಚಾರಣೆಯನ್ನು ರೇಡಿಯೊದಲ್ಲಿ ಪ್ರಸಾರ ಮಾಡಿದರು. ಅವರಿಗೆ ಮರಣದಂಡನೆ ಕೊಡಿ ಎಂದು ಕಾರ್ಖಾನೆ, ಶಾಲೆಗಳಿಂದ ಸಾವಿರಾರು ನಿರ್ಣಯಗಳನ್ನು ಬರೆಸಿ ತರಿಸಿದರು. ಬರೆದುಕೊಟ್ಟ ಮಾತುಗಳನ್ನು ಬದಿಗಿಟ್ಟು ಹೊರಾಕೊವಾ ನ್ಯಾಯಾಲಯದಲ್ಲಿ ತಮ್ಮ ನಂಬಿಕೆಯನ್ನೇ ಸಮರ್ಥಿಸಿಕೊಂಡರು. ಐನ್‌ಸ್ಟೈನ್, ಚರ್ಚಿಲ್, ಎಲಿನರ್ ರೂಸ್‌ವೆಲ್ಟ್ ಕ್ಷಮೆಗಾಗಿ ಕೇಳಿಕೊಂಡರೂ ಫಲವಾಗಲಿಲ್ಲ. ಗಾಟ್ವಾಲ್ಡ್ ಶಿಕ್ಷೆಯನ್ನು ಖಾಯಂ ಮಾಡಿದರು. 1950ರ ಜೂನ್ 27ರಂದು ಪಂಕ್ರಾಟ್ಸ್ ಸೆರೆಮನೆಯಲ್ಲಿ ಅವರನ್ನು ನೇಣಿಗೇರಿಸಲಾಯಿತು.

ಕೊನೆಯ ದಿನಗಳಲ್ಲಿ ಅವರು ಮನೆಯವರಿಗೆ, ಹದಿನಾರು ವರ್ಷದ ಮಗಳಿಗೆ, ಪತ್ರಗಳನ್ನು ಬರೆದಿದ್ದರು. ಅಧಿಕಾರಿಗಳು ಅವನ್ನು ತಲುಪಿಸಲಿಲ್ಲ, ಕಡತದಲ್ಲಿ ಇಟ್ಟುಕೊಂಡರು. ಮಗಳ ಕೈಗೆ ಆ ಪತ್ರಗಳು ಬಂದದ್ದು 1990ರಲ್ಲಿ. ಆಗ ಅವಳಿಗೆ ಅಮ್ಮ ಬರೆಯುವಾಗ ಅಮ್ಮನಿಗಿದ್ದದ್ದಕ್ಕಿಂತ ಹೆಚ್ಚು ವಯಸ್ಸಾಗಿತ್ತು.